ಅಜ್ಜಿಯ ಕಾಲಿಗೆ ನನ್ನ ಬೂಟು

ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಿದ್ದಾಗ, ಸಮಗ್ರ ಆರೋಗ್ಯ ಸೇವೆ ಎಂದರೇನು ಎಂದು ಯಾರು ಕೇಳಿದರೂ ಗಿಣಿಯಂತೆ ಒಪ್ಪಿಸುತ್ತಿದ್ದೆ: ರೋಗ ಬಾರದಂತೆ ತಡೆಯುವುದು, ಬಂದರೆ ವಾಸಿ ಮಾಡುವುದು, ಆಮೇಲೂ ಕೈಬಿಡದಿರುವುದು. ಆ ಧೈರ್ಯದ ಮೇಲೆಯೇ ಕನಕಗಿರಿ ಹತ್ತಿರದ ಹಳ್ಳಿಗೆ ತರಬೇತಿಗೆ ಹೋದೆ. ನನ್ನ ಪಾಲಿಗೆ ಬಂದವಳು ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ. ಆಕೆಯ ಅಂಗಾಲಿನಲ್ಲಿ ಹುಣ್ಣಾಗಿತ್ತು.

ದಿನಾ ಹುಣ್ಣು ತೊಳೆದು, ಔಷಧಿ ಹಚ್ಚಿ, ಪಟ್ಟಿ ಕಟ್ಟಿ ಬರುತ್ತಿದ್ದೆ. ಮರುದಿನ ಹೋದರೂ ಪಟ್ಟಿ ಮಲ್ಲಿಗೆಯಂತೆ ಬೆಳ್ಳಗಿರುತ್ತಿತ್ತು. ನನ್ನ ಕೈಗುಣಕ್ಕೆ ನಾನೇ ಬೀಗುತ್ತಿದ್ದೆ. ಹುಣ್ಣು ಮಾತ್ರ ಮಾಯುತ್ತಿರಲಿಲ್ಲ.

ಒಂದು ದಿನ ನಮ್ಮ ಕಾಲೇಜಿನ ಮೇಡಂ ಜೊತೆಗೆ ಬಂದರು. ಟಂಟಂ ಆಟೊ ಬೇಗ ಸಿಕ್ಕು ಒಂದು ತಾಸು ಮೊದಲೇ ತಲುಪಿದೆವು. ನೋಡಿದರೆ, ಪಟ್ಟಿ ಅಂಗಳದ ಹಗ್ಗದ ಮೇಲೆ ಒಣಗುತ್ತಿದೆ. ಅಜ್ಜಿ ಬರಿಗಾಲಲ್ಲಿ ಕೊಟ್ಟಿಗೆಯ ಸೆಗಣಿ ಬಳಿಯುತ್ತಿದ್ದಾಳೆ!

"ಪಟ್ಟಿ ಯಾಕ ಬಿಚ್ಚೀಬೇ?" ಎಂದೆ. ಅಳುವುದೊಂದು ಬಾಕಿ.

"ಅಷ್ಟು ಛಂದ ಕಟ್ಟಿ ಹೋಗತಿ, ಸೆಗಣ್ಯಾಗ ಹೊಲಸ ಮಾಡ್ಲೇನು? ತೊಳದು ಒಣಗಸ್ತೀನಿ, ನೀ ಬರೂದ್ರಾಗ ಕಟ್ಕೊಂತೀನಿ."

ಮೇಡಂ ಅಜ್ಜಿಯನ್ನು ಬೈಯಲಿಲ್ಲ. ನನ್ನತ್ತ ತಿರುಗಿ, "ಈಕಿಗೆ ಚಪ್ಪಲ್ ಅದಾವೇನು? ಕೊಟಗಿ ಕೆಲಸಕ್ಕ ಬ್ಯಾರೆ ಯಾರರ ಅದಾರೇನು?" ಎಂದು ಕೇಳಿದರು. ಹುಣ್ಣಿನ ಉದ್ದ ಅಗಲ ನನಗೆ ಬಾಯಿಪಾಠವಾಗಿತ್ತು, ಇದು ಗೊತ್ತಿರಲಿಲ್ಲ. ಅಜ್ಜಿಗೋ ನನ್ನ ಹಾಸ್ಟೆಲ್ಲಿನ ನೀರು ಸಾರಿನಿಂದ ಹಿಡಿದು ಅಕ್ಕನ ನಿಶ್ಚಯದವರೆಗೆ ಎಲ್ಲ ತಿಳಿದಿತ್ತು.

"ಸೊಸಿ ಹಡೀಲಿಕ್ಕ ತವರಮನಿಗೆ ಹೋಗ್ಯಾಳ್ರಿ. ಚಪ್ಪಲ್ ಅದಾವ್ರಿ," ಎಂದು ಅಜ್ಜಿ ಟ್ರಂಕು ತೆರೆದಳು. ಮಗಳು ಗಂಗಾವತಿಯಿಂದ ತಂದುಕೊಟ್ಟದ್ದು. ಇನ್ನೂ ಕಾಗದದಲ್ಲೇ ಇತ್ತು. "ಮದವಿಗಂತ ಇಟ್ಟೀನಿ."

"ಯಾರ ಮದವಿಗೆ?" ಎಂದರು ಮೇಡಂ.

"ಯಾರದರ ಬರತೈತಿ ಬಿಡ್ರಿ."

ಮೇಡಂ ಪಕ್ಕದ ಮನೆಯವಳನ್ನು ಕರೆದು, ಹುಣ್ಣು ಒಣಗುವವರೆಗೆ ಸೆಗಣಿ ಬಳಿಯಲು ಒಪ್ಪಿಸಿದರು. ನಾನು ನರ್ಸ್ ಸಮವಸ್ತ್ರದ ನನ್ನ ಹಳೆಯ ಕಪ್ಪು ಬೂಟು ಬಿಚ್ಚಿಟ್ಟೆ. ಒಂದು ಅಳತೆ ದೊಡ್ಡದಾಗಿದ್ದರಿಂದ ಪಟ್ಟಿಯ ಸಮೇತ ಅಜ್ಜಿಯ ಕಾಲಿಗೆ ಹಿಡಿಸಿತು.

"ಇವು ಛಲೋ ಅದಾವ. ಹೊಲಸಾದ್ರೂ ಹೊಟ್ಟಿ ಉರಿಯೂದಿಲ್ಲ," ಎಂದಳು.

"ಹಂಗಾರ ಬಸ್ಸಿನ ತನಕ ನಿನ್ನ ಹೊಸಾ ಚಪ್ಪಲ್ ಕೊಡಬೇ."

"ಮದವಿಗೆ ಅಂದ್ನೆಲ್ಲವ್ವಾ!" ಎಂದು ಅಜ್ಜಿ ಟ್ರಂಕು ಮುಚ್ಚಿದಳು. ಕಾದ ರಸ್ತೆಯಲ್ಲಿ ಕುಣಿಯುತ್ತಾ ಬಸ್ಸು ಹಿಡಿದೆ.

ತರಬೇತಿ ಮುಗಿಯುವಷ್ಟರಲ್ಲಿ ಹುಣ್ಣು ಮಾಯಿತು. ಕೊನೆಯ ದಿನ ಅಜ್ಜಿ ಬೂಟು ಟಕಟಕ ಎನ್ನಿಸುತ್ತಾ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಕಂಡಕ್ಟರ್ ಆಕೆಯ ಕಾಲು ನೋಡಿ, ನನ್ನನ್ನು ಬಿಟ್ಟು ಆಕೆಗೇ, "ಲಗೂನ ಹತ್ರಿ ಸಿಸ್ಟರ್," ಎಂದ.