ವಿಭೂತಿಯಿಲ್ಲದ ಮುಖ

ನಮ್ಮ ರಾಕ್ ಬ್ಯಾಂಡಿಗೆ ಹಾಡು ಬರುವ ಮೊದಲೇ ಮುಖ ಬಂದಿತ್ತು. ಹೆಗ್ಗದ್ದೆಯ ಒಂದು ಎಸ್ಟೇಟಿನ ಖಾಲಿ ಸ್ಟೋರಿನಲ್ಲಿ ನಾವು ನಾಲ್ಕು ಜನ ಅಭ್ಯಾಸ ಮಾಡುತ್ತಿದ್ದೆವು. ಬಾರಿಸುತ್ತಿದ್ದುದು ಸಾಧಾರಣ, ಅದನ್ನು ಈಗಲಾದರೂ ಒಪ್ಪಿಕೊಳ್ಳಬೇಕು. ಕರಿ ಅಂಗಿ, ಉದ್ದ ಕೂದಲು ಎಲ್ಲ ಬ್ಯಾಂಡಿನವರಿಗೂ ಇರುತ್ತದೆ. ನಮ್ಮನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ವಿಭೂತಿಗಟ್ಟಿ ಕಲಸಿ ಹಣೆಯಿಂದ ಗದ್ದದವರೆಗೆ ದಪ್ಪಗೆ ಬಳಿದುಕೊಳ್ಳೋಣ ಎಂದವನು ನಾನೇ. ಹಾಡು ಮರೆತವರೂ ಆ ಬಿಳಿ ಮುಖಗಳನ್ನು ಮರೆಯಲಿಲ್ಲ. ಹಾಸನದ ಕಾಲೇಜುಗಳಿಂದ ಕರೆ ಬರತೊಡಗಿತು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಕಟ್ಟಳೆ ಮಾಡಿದೆ: ಬರಿ ಮುಖದ ಫೋಟೊ ಯಾರ ಫೋನಿನಲ್ಲೂ ಇರಬಾರದು. ಉಳಿದ ಮೂವರೂ ಒಪ್ಪಿದರು. ಡ್ರಮ್ ಬಾರಿಸುವವನಂತೂ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು.

ಅವನ ಮನೆ ಪಾಳ್ಯದಲ್ಲಿ. ತಾಯಿ, ಮಗ ಇಬ್ಬರೇ. ಒಮ್ಮೆ ಕಾರ್ಯಕ್ರಮ ಮುಗಿಸಿ, ಬಳಿದ ಮುಖದಲ್ಲೇ ಅಲ್ಲಿಗೆ ಹೋದಾಗ ಆಕೆ ಬಾಗಿಲಲ್ಲೇ ನಿಂತುಬಿಟ್ಟರು.

“ಏನ್ರಪ್ಪಾ ಇದು, ಕೂರ್ಸಿರೋ ಹೆಣಕ್ಕೆ ಬಳ್ದಂಗೆ ಬಳ್ಕಂಡಿದ್ದೀರಿ. ತೊಳ್ಕಂಡು ಒಳಕ್ಕೆ ಬನ್ನಿ.”

ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಬಳಿದು ಮಣ್ಣು ಮಾಡುತ್ತಾರೆ. ನನಗೇನು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಆರಿಸಿದ್ದೆ. ನಾವು ನಕ್ಕೆವು. ಊಟಕ್ಕೆ ಕೂತಾಗ ಆಕೆಯ ಫೋನ್ ಕಣ್ಣಿಗೆ ಬಿತ್ತು. ಪರದೆಯ ಮೇಲೆ ಮಗ ಗದ್ದೆಯ ಬದುವಿನಲ್ಲಿ ನಿಂತು, ಬರಿ ಮುಖದಲ್ಲಿ ನಗುತ್ತಿದ್ದ. ಅದನ್ನೇ ಸ್ಟೇಟಸ್ಸಿಗೂ ಹಾಕಿದ್ದರು.

“ಅಮ್ಮ, ಇದು ಬ್ಯಾಡ, ಬ್ಯಾಂಡಿನ ಮರ್ಯಾದೆ ಹೋಗ್ತೈತೆ” ಎಂದು ಸ್ಟೇಟಸ್ಸಿನಿಂದಲೂ ಫೋನಿನಿಂದಲೂ ನಾನೇ ಅಳಿಸಿದೆ. ಬೂದಿ ಬಳಿದದ್ದೊಂದನ್ನು ಹಾಕಿಕೊಟ್ಟೆ. ಅವರು ಅದನ್ನು ನೋಡಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮರುವರ್ಷ ಅವನಿಗೆ ಜ್ವರ ಬಂತು. ಐದೇ ದಿನ. ಆರನೆಯ ದಿನ ಬೆಳಿಗ್ಗೆ ನಾವು ಪಾಳ್ಯ ಮುಟ್ಟಿದಾಗ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ, ಕೆನ್ನೆ, ಗದ್ದ ಎಲ್ಲ ವಿಭೂತಿ. ವೇದಿಕೆ ಹತ್ತುವ ಮುಂಚೆ ಹೇಗಿರುತ್ತಿದ್ದನೋ ಹಾಗೇ ಇದ್ದ. ನೋಡಲು ಬಂದ ಕಾಲೇಜಿನವರು ಫೋನ್ ಎತ್ತಿ ಫೋಟೊ ತೆಗೆದರು. ಅವರಿಗೆ ಗೊತ್ತಿದ್ದ ಮುಖ ಅದೇ. ನನಗೆ ಹೊಡೆಯಬೇಕೆನಿಸಿತು. ಯಾರಿಗೆ ಹೊಡೆಯುವುದು?

ತಾಯಿ ನನ್ನನ್ನು ಹತ್ತಿರ ಕರೆದರು.

“ಅವನ ಬರೀ ಮುಖದ್ದು ಒಂದು ಪೋಟ ಐತೇನಪ್ಪ ನಿನ್ನತ್ರ? ಗ್ವಾಡೆಗೆ ಹಾಕ್ಬೇಕು.”

ನೂರಾರು ಫೋಟೊ ಒಂದೊಂದಾಗಿ ಸರಿಸಿದೆ. ಎಲ್ಲದರಲ್ಲೂ ಬೂದಿ. ಆಧಾರ್ ಕಾರ್ಡಿನಲ್ಲಿದ್ದುದು ಮೀಸೆ ಬರುವ ಮುಂಚಿನ ಮುಖ, ಅದು ಅವರಿಗೆ ಬೇಡವಾಯಿತು. “ಇಲ್ಲಮ್ಮ” ಎಂದೆ. ಅಳಿಸಿದ್ದು ನೀನಲ್ಲವೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಒಳಗೆ ಹೋಗಿ ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದು, ಮಗನ ಮುಖ ಒರೆಸತೊಡಗಿದರು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು, “ಹಂಗ್ ಮಾಡ್ಬಾರ್ದು ಕಣಮ್ಮ” ಎಂದರು. ಆಕೆ ಕೈ ನಿಲ್ಲಿಸಲಿಲ್ಲ.

“ಆಮೇಲೆ ಬಳೀರಿ ಸ್ವಾಮಿ. ಒಂದ್ ಗಳಿಗೆ ನಾನು ನೋಡ್ಕಂತೀನಿ.”

ಕಿವಿಯ ಹಿಂದಿನವರೆಗೂ ಒರೆಸಿ, ನನ್ನ ಕಡೆ ತಿರುಗಿದರು.

“ಈಗ ತೆಗಿ ಪೋಟ.”

ತೆಗೆದೆ. ಪಾಳ್ಯದ ಆ ಮನೆಯ ಗೋಡೆಯಲ್ಲಿ ಈಗ ಇರುವುದು ಅದೇ. ಅದರಲ್ಲಿ ಅವನ ಕಣ್ಣು ಮುಚ್ಚಿದೆ.