ಮಗುವಿನ ಜನ್ಮನಕ್ಷತ್ರ ಮೀನನ್ನು ಓಡಿಸುತ್ತದೆಯೇ?

ಅಂದು ನಾನು ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಉಪ್ಪುಂದದ ಕಡಲ ತೀರದಲ್ಲಿ ಸಮುದ್ರಪೂಜೆಗೆ ಎಲ್ಲರೂ ಸೇರಿದ್ದೆವು. ನನ್ನ ತಮ್ಮ ಐದು ತಿಂಗಳ ಮಗಳನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದ. ಅವನು ದುಡಿಯುವ ದೋಣಿಯ ಯಜಮಾನ ಅಡ್ಡ ನಿಂತ.

“ಹ್ವಾಯ್, ಮೂಲಾ ನಕ್ಷತ್ರದ ಹೆಣ್ಣನ್ನ ಎತ್ಕಂಡ್ ಎಲ್ಲಿಗ್ ಬಂದದ್ದ್ ಮಾರಾಯಾ? ಇದ್ ಹುಟ್ಟಿದ್ ಮೇಲೆ ಬಲೆಗೆ ಒಂದ್ ಬೂತಾಯಿ ಮೀನ್ ಬಿದ್ದಿತಾ? ಈ ಸಲ ದೋಣಿಗೆ ನೀ ಬಪ್ದ್ ಬ್ಯಾಡ.”

ಸುತ್ತ ನಿಂತವರು ನಕ್ಕರು. ತಮ್ಮ ನನ್ನ ಮುಖ ನೋಡಿದ. ನಾನು ಅದೇ ದೋಣಿಯ ಮೀನು ಕೊಂಡು ಮನೆಮನೆಗೆ ಮಾರುವವಳು. ನಾಳೆ ನನ್ನ ಬುಟ್ಟಿಗೆ ಮೀನು ಸಿಗದೆ ಹೋದೀತೆಂದು ತಲೆ ತಗ್ಗಿಸಿದೆ.

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆದರೂ ನನಗೆ ಗೊತ್ತು, ಮಗು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಕಡಲಲ್ಲಿ ಮೀನು ಕಡಿಮೆಯಾಗಿತ್ತು. ರಾತ್ರಿ ದೋಣಿಯಿಂದ ಲೈಟ್ ಹಾಕಿ ಮೀನನ್ನು ಸೆಳೆದು, ಮರಿಮೀನನ್ನೂ ಬಿಡದೆ ಬಾಚಿದ್ದು ಯಾರು? ಈ ಹಸುಗೂಸೇ? ಬಾಚಿದವರೇ ಅಂದು ಮುಂದೆ ನಿಂತು ಕಡಲಿಗೆ ಹಾಲೆರೆದರು!

ತಮ್ಮ ಜಗಳಕ್ಕೆ ಹೋಗಲಿಲ್ಲ. ದೂರ ಸರಿದು, ಮೊಣಕಾಲುದ್ದ ನೀರಿಗಿಳಿದು, “ಅಮ್ಮಾ, ನನ್ ಮಗಳನ್ನ ನೀನೇ ಕಾಪಾಡ್ಕ್” ಎಂದು ಕಾಯಿಯನ್ನು ಅಲೆಗೆ ಬಿಟ್ಟ.

ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ. “ಬಾ ಅಕ್ಕ, ಕೂಕೋ” ಎಂದನೇ ಹೊರತು ತಲೆ ಎತ್ತಲಿಲ್ಲ. ನಾನು ನಿಂತೇ ಹೇಳಿದೆ: “ತಪ್ಪಾಯ್ತ್ ತಮ್ಮ. ಅವ್ರ್ ನಿನ್ ಮಗಳಿಗ್ ಹಾಂಗ್ ಹೇಳ್ವಾಗ ನಾ ಬಾಯ್ ಮುಚ್ಕಂಡ್ ನಿಂತೆ.”