ಬಿಚ್ಚದ ಹೊಲಿಗೆ

ನಮ್ಮ ದೊಡ್ಡಮ್ಮನಿಗೆ ನೀರು ಕಂಡರೆ ಆಗದು. ರಸ್ತೆಯಲ್ಲಿ ಪಾದ ಮುಳುಗುವಷ್ಟು ಮಳೆನೀರು ನಿಂತರೂ ಇಡೀ ಬೀದಿ ಸುತ್ತಿಕೊಂಡು ಬರುವ ಹೆಂಗಸು ಅವಳು. ಅಂಥವಳು ತಾನಾಗಿಯೇ ದೋಣಿಯೊಂದರಲ್ಲಿ ಕೂತು, “ಹೂಂ, ಈಗ ಮಗುಚಿ” ಎಂದು ಗಂಡನಿಗೆ ಅಪ್ಪಣೆ ಕೊಟ್ಟದ್ದನ್ನು ನಾನು ಈ ಎರಡು ಕಣ್ಣುಗಳಿಂದ ನೋಡಿದ್ದೇನೆ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೇಳಿದರೆ ಜನ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನು ನಷ್ಟ?

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಸೀಟು ಹೊಲಿಯುವುದು ಅವಳ ಕಸುಬು. ಕಾರಿನದೋ, ಬಸ್ಸಿನದೋ, ಹಲ್ಲಿನ ಡಾಕ್ಟರ ಕುರ್ಚಿಯೋ, ಹರಿದರೆ ಅವಳ ಹತ್ತಿರವೇ ಬರಬೇಕು. ಮನೆಯ ಕೆಳಗಿನ ಉದ್ದನೆಯ ಕೋಣೆಯಲ್ಲಿ ರೆಕ್ಸಿನ್ ಸುರುಳಿಗಳು, ಸ್ಪಂಜಿನ ರಾಶಿ, ಮೂಗಿಗೆ ಅಡರುವ ಅಂಟಿನ ವಾಸನೆ. ಅವಳು ಆ ಭಾರೀ ಹೊಲಿಗೆ ಯಂತ್ರದ ಪೆಡಲ್ ತುಳಿದರೆ ಮೇಲೆ ಅಡುಗೆಮನೆಯಲ್ಲಿ ಲೋಟಗಳು ಗಲಗಲ ಎನ್ನುತ್ತವೆ. ಒಂದು ಹೊಲಿಗೆ ಮುಗಿದ ಮೇಲೆ ಅದರ ಮೇಲೆ ಕಾಲೂರಿ, ಎರಡೂ ಕೈಗಳಿಂದ ಜಗ್ಗಿ ನೋಡುತ್ತಾಳೆ. “ನಾನು ಹೊಲಿದದ್ದು ಬಿಚ್ಚಿತು ಅಂತ ಒಬ್ಬರು ಬಂದು ಹೇಳಲಿ, ಅವತ್ತೇ ಮಷೀನು ಮಾರಿಬಿಡ್ತೀನಿ” ಎನ್ನುತ್ತಿದ್ದಳು. ಯಾರೂ ಬಂದು ಹೇಳಲಿಲ್ಲ. ಊರವರು ಅವಳಿಗೆ ಗಟ್ಟಿಯಮ್ಮ ಎಂದೇ ಹೆಸರಿಟ್ಟರು, ಅವಳೂ ಅದನ್ನು ಬಿರುದಿನ ಹಾಗೆ ಹೊತ್ತು ತಿರುಗಿದಳು.

ಅವಳದು ಇನ್ನೊಂದು ನೇಮ ಇತ್ತು. ತಾನು ಕೂತು ನೋಡದೆ ಯಾವ ಸೀಟನ್ನೂ ಗಿರಾಕಿಗೆ ಕೊಟ್ಟವಳಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿ, ಬಾಯಿ ಅಗಲಿಸಿ, ಸೂರು ನೋಡುತ್ತಾ ಬಹಳ ಹೊತ್ತು ಇದ್ದವಳು. ನಕ್ಕರೆ, “ಕೂರೋರ ಬೆನ್ನು ಏನು ಹೇಳುತ್ತೆ ಅಂತ ಮೊದಲು ನನ್ನ ಬೆನ್ನಿಗೆ ಗೊತ್ತಾಗಬೇಕಲ್ವಾ?” ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ದೊಡ್ಡಪ್ಪನದು ಮೂಲೆಯ ಕನ್ನಡಕದ ಅಂಗಡಿ. ವಾರವಿಡೀ ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳ ಜೊತೆ ಗುದ್ದಾಟ, ಎದುರಿಗೆ ಕೂತವರಿಗೆ “ಈಗ ಕಾಣುತ್ತಾ? ಈಗ?” ಎಂಬ ಒಂದೇ ಪ್ರಶ್ನೆ. ರಜೆಯ ದಿನ ಬಂತೆಂದರೆ ಆ ಮನುಷ್ಯ ಬೇರೆಯೇ. ಊರಾಚೆ ಎದುರು ದಡ ಮಸುಕಾಗಿ ಕಾಣುವಷ್ಟು ದೊಡ್ಡ ಕೆರೆ. ಅಲ್ಲಿಗೆ ತನ್ನ ಹಾಯಿದೋಣಿಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹೊರಟುಬಿಡುವುದು. ದೋಣಿ ಎಂದರೆ ಎಷ್ಟು ದೊಡ್ಡದು? ಇಬ್ಬರು ಕೂತರೆ ಸುಖ, ಮೂವರು ಕೂತರೆ ಜಗಳ. ವರ್ಗವಾಗಿ ಹೋದ ಎಂಜಿನಿಯರೊಬ್ಬರಿಂದ ಕೊಂಡದ್ದು. ದೊಡ್ಡಮ್ಮ ಅದನ್ನು ಕರೆಯುತ್ತಿದ್ದುದು ಸವತಿ ಎಂದು. “ಎದ್ದೇಳಿ, ರಜಾ ಬಂತು, ನನ್ನ ಸವತಿ ಕಾಯ್ತಾ ಇರ್ತಾಳೆ” ಎಂದು ಬೆಳಗ್ಗೆಯೇ ಚುಚ್ಚುತ್ತಿದ್ದಳು.

ಕರೆಂಟಿನ ಮೀಟರು ಓದಲು ಬಂದವನಿಗೂ ‘ಹೋಗಿ ಬನ್ನಿ’ ಎನ್ನುವ ಬಾಯಿ ಅವಳದು. ಆದರೆ ಗಂಡ ಕೆರೆಗೆ ಹೊರಟಾಗ ಮಾತ್ರ ಆ ಮಾತು ಹೊರಡುತ್ತಿರಲಿಲ್ಲ. ಪೆಡಲ್ ಒತ್ತಿ ಯಂತ್ರ ಓಡಿಸುತ್ತಿದ್ದಳು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಆ ಸದ್ದಿಗೇ “ಬರ್ತೀನಿ” ಎಂದು ಹೇಳಿ ಹೋಗುತ್ತಿದ್ದರು.

ಹೀಗೆ ಹೋದವರು ಒಮ್ಮೆ ಪ್ರವಾಸಿಗರ ಮೋಟಾರು ದೋಣಿಯಲ್ಲಿ, ಯಾರದೋ ಕಂಬಳಿ ಹೊದ್ದುಕೊಂಡು ದಡಕ್ಕೆ ಬಂದರು. ಗಾಳಿ ತಟ್ಟನೆ ದಿಕ್ಕು ಬದಲಿಸಿದಾಗ ಹಾಯಿಯ ಬುಡದ ಅಡ್ಡಗೋಲು ರಪ್ಪನೆ ತಿರುಗಿ ತಲೆಗೆ ಬಡಿದಿತ್ತು. ಅವರು ನೀರಿಗೆ, ದೋಣಿ ಬೋರಲು. ಗಾಳಿ ದೋಣಿಯನ್ನು ತಳ್ಳಿಕೊಂಡು ಹೊರಟಿತು, ಅರವತ್ತು ದಾಟಿದ ಮನುಷ್ಯ ಹಿಂದೆ ಈಜಬೇಕಾಯಿತು. ಹೇಗೋ ಹಿಡಿದರು. ಹಿಡಿದರೆ ಹತ್ತಲು ಬರಬೇಡವೇ? ನುಣ್ಣನೆಯ ಹೊಟ್ಟೆ, ಕಾಲಿಡಲು ಜಾಗವಿಲ್ಲ. ಯಾರಾದರೂ ನೋಡುವವರೆಗೆ ಹಾಗೇ ಜೋತುಬಿದ್ದಿದ್ದರು.

ಸುದ್ದಿ ತಿಳಿದು ನಾನು ಓಡಿಹೋದಾಗ ಅವರು ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಕೂತಿದ್ದರು. ದೊಡ್ಡಮ್ಮ ಎದುರಿಗೆ, ಬಾಯಿಗೆ ಬೀಗ. ಬೈಯದೆ ಕೂತ ದೊಡ್ಡಮ್ಮನನ್ನು ನಾನು ಅದೇ ಮೊದಲು ನೋಡಿದ್ದು, ನನಗೆ ಹೆದರಿಕೆಯಾಯಿತು.

“ದೋಣಿ ಮಾರಿಬಿಡ್ತೀನಿ ಬಿಡು” ಎಂದರು ದೊಡ್ಡಪ್ಪ. ಹೇಳಿದರೇನೋ ಹೇಳಿದರು. ಅಲ್ಲಿಂದಾಚೆಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ “ಕಾಣುತ್ತೆ” ಎಂದರೂ ಇವರು “ಈಗ?” ಎಂದು ಇನ್ನೊಂದು ಗಾಜು ಹಾಕುತ್ತಿದ್ದರು. ತಟ್ಟೆಯ ಮುಂದೆ ಕೂತು ಕಿಟಕಿ ನೋಡುತ್ತಿದ್ದರು. ಕೊನೆಗೆ ದೊಡ್ಡಮ್ಮನೇ ಬಾಯಿ ಬಿಟ್ಟಳು.

“ನೀವು ಹಿಂಗೇ ಮನೇಲಿ ಕೂತ್ರೆ ಒಳಗೊಳಗೇ ಸಾಯ್ತೀರಾ. ಹಂಗೇ ಹೋಗಕ್ಕೆ ಬಿಟ್ರೆ ಅಲ್ಲಿ ಸಾಯ್ತೀರಾ. ನನಗೆ ಎರಡೂ ಬೇಡ. ಆ ಸವತೀನ ಅಂಗಳಕ್ಕೆ ತನ್ನಿ. ನಾನು ಕೈ ಹಾಕಿ, ಆಯ್ತು ಅನ್ನೋವರೆಗೂ ಅವಳು ನೀರಿಗಿಳಿಯಂಗಿಲ್ಲ.”

ಅಂಗಳದಲ್ಲಿ, ಒಣ ನೆಲದ ಮೇಲೆ ಗಂಡನನ್ನು ದೋಣಿಯಲ್ಲಿ ಕೂರಿಸಿ, ಬಿದ್ದದ್ದು ಹೇಗೆ ಎಂದು ಮಾಡಿ ತೋರಿಸಲು ಹೇಳಿದಳು. ಒಂದು ಸಲವಲ್ಲ. “ಕೈ ಎಲ್ಲಿತ್ತು? ಕಾಲು ಎಲ್ಲಿ ಜಾರಿತು? ಇನ್ನೊಂದ್ಸಲ ಬೀಳಿ” ಎನ್ನುವಳು. ದೊಡ್ಡಪ್ಪ ಹುಲ್ಲಿನ ಮೇಲೆ ದೊಪ್ಪನೆ ಬೀಳುವರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಏನಾದರೂ ಹೆಚ್ಚುಕಡಿಮೆಯಾಗಿದೆಯೇ ಎಂದು ನನ್ನನ್ನು ಕೇಳಿದರು. ಆಗಿದೆ ಎಂದೆ.

ಆಮೇಲೆ ಕೆಲಸ ಶುರುವಾಯಿತು. ತಲೆಗೆ ಬಡಿದ ಅಡ್ಡಗೋಲಿಗೆ ಬಸ್ಸಿನ ಸೀಟಿನ ದಪ್ಪ ಸ್ಪಂಜು ಸುತ್ತಿ ರೆಕ್ಸಿನ್ ಹೊಲಿದಳು. ಕಾಲು ಜಾರಿದ ಕಡೆ ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಮರಳು ಉದುರಿಸಿದಳು. ಒಣಗಿದ ಮೇಲೆ ಬರಿಗಾಲಲ್ಲಿ ನಿಂತು ಉಜ್ಜಿ ನೋಡಿ, ನೆಲ ಹಿಡಿದುಕೊಳ್ಳುತ್ತದೆ ಎಂದು ಒಪ್ಪಿದಳು. ಮಗುಚಿದರೂ ದೋಣಿ ಮುಳುಗಬಾರದಲ್ಲ, ಅದಕ್ಕೆ ಬಚ್ಚಲಿನ ಬಕೆಟ್ಟುಗಳಲ್ಲಿ ತನ್ನಲ್ಲಿದ್ದ ಸ್ಪಂಜುಗಳನ್ನೆಲ್ಲ ಕಲ್ಲು ಹೇರಿ ಮುಳುಗಿಸಿಟ್ಟಳು. ಹಳದಿಯದು ನೀರು ಕುಡಿದು ಹೊಟ್ಟೆ ಬಿಟ್ಟಿತು. ಕಪ್ಪನೆಯ ಬಿರುಸು ಫೋಮು ಒಂದು ಹನಿ ಕುಡಿಯಲಿಲ್ಲ. “ಇದು ಬುದ್ಧಿವಂತ ಜಾತಿ” ಎಂದು ಅದನ್ನೇ ಕೊಯ್ದು, ಸೀಟಿನ ಅಡಿಗೆ, ಮೂತಿಯ ಒಳಗೆ ಎಲ್ಲೆಲ್ಲಿ ಸಂದು ಇತ್ತೋ ಅಲ್ಲೆಲ್ಲ ತುರುಕಿದಳು. ದೊಡ್ಡಪ್ಪ ತೊಡುವ ತೇಲುಕೋಟು, ಅದೇ ಲೈಫ್ ಜಾಕೆಟ್ಟು, ನೀರಿನಲ್ಲಿ ಕಿವಿಯವರೆಗೆ ಏರಿತ್ತಂತೆ, ಅದಕ್ಕೆ ತೊಡೆಗಳ ನಡುವಿನಿಂದ ಹಾಯುವ ಪಟ್ಟಿ ಬಂತು. ಹತ್ತಲು ಪಕ್ಕಕ್ಕೆ ಕಾಲಿಡುವ ಕುಣಿಕೆ, ಬೋರಲಾದರೆ ಎಳೆದು ತಿರುಗಿಸಲು ಗಂಟು ಗಂಟಿನ ಹಗ್ಗ, ದೂರದಿಂದ ಕಾಣಲು ಹಾಯಿಯ ತುದಿಗೆ ಕಿತ್ತಳೆ ಬಣ್ಣದ ದೊಡ್ಡ ತೇಪೆ. ಹಾಯಿಗೆ ತೇಪೆ ಹಾಕಿದ್ದಕ್ಕೆ ದೊಡ್ಡಪ್ಪನಿಗೆ ಸ್ವಲ್ಪ ಬೇಸರವಾಯಿತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಷ್ಟೆಲ್ಲದರಲ್ಲಿ ಅವಳಿಗೆ ಹೆಮ್ಮೆಯದ್ದು ಸೊಂಟದ ಪಟ್ಟಿ. ದೋಣಿ ಗಂಡನನ್ನು ಬಿಟ್ಟು ಹೋಗಿತ್ತಲ್ಲ, ಅದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ನಟ್ಟಿತ್ತು. ಹಳೆಯ ಕಾರುಗಳ ಸೀಟುಬೆಲ್ಟನ್ನು ಎರಡು ಪದರ ಮಾಡಿ, ಮೇಣ ಹಚ್ಚಿದ ದಾರದಿಂದ ಅಡ್ಡ ಉದ್ದ ಹೊಲಿದು, ಒಂದು ತುದಿಗೆ ಸೊಂಟದ ಕೊಂಡಿ ಹಾಕಿ, ಇನ್ನೊಂದು ತುದಿ ದೋಣಿಯ ನಡುವಿನ ಹಲಗೆಗೆ ಬಿಗಿಯುವಂತೆ ಮಾಡಿದಳು. ಕೋಣೆಯ ತೊಲೆಗೆ ಕಟ್ಟಿ ತಾನೇ ಜೋತುಬಿದ್ದಳು, ಆಮೇಲೆ ನನ್ನನ್ನೂ ಜೊತೆಗೆ ಜೋತುಬೀಳಿಸಿದಳು. ಪಟ್ಟಿ ಒಂದು ಎಳೆಯೂ ಮಿಸುಕಲಿಲ್ಲ. “ಈಗ ನೋಡ್ತೀನಿ, ಹೆಂಗೆ ಬಿಟ್ಟು ಹೋಗ್ತಾಳೆ ಅವಳು!” ಎಂದಳು ಸವತಿಯ ಬೆನ್ನು ತಟ್ಟಿ.

ದೋಣಿ ಕೆರೆಗೆ ಹೊರಟ ದಿನ ದೊಡ್ಡಪ್ಪ ಮದುಮಗನ ಹಾಗೆ ಕ್ಷೌರ ಮಾಡಿಕೊಂಡು ಬಂದರು. ದೊಡ್ಡಮ್ಮ ಸೀರೆಯ ಬದಲು ನನ್ನ ಹಳೆಯ ಪ್ಯಾಂಟು ಹಾಕಿಕೊಂಡು ಗಾಡಿ ಹತ್ತಿದಳು. ನಮಗೆ ಅರ್ಥವಾಗಲಿಲ್ಲ. ದಡದಲ್ಲಿ ಅರ್ಥವಾಯಿತು.

“ಮೊದಲು ನಾನು ಕೂರ್ತೀನಿ. ನಾನು ಕೂತು ನೋಡದೇ ಇರೋದನ್ನ ಯಾರಿಗೂ ಕೊಟ್ಟವಳಲ್ಲ, ನಿಮಗೆ ಕೊಡ್ತೀನಾ?”

“ಹುಚ್ಚು ಹಿಡಿದಿದೆಯಾ? ನಿನಗೆ ಈಜು ಬರಲ್ಲ!” ಎಂದು ದೊಡ್ಡಪ್ಪ ಕೂಗಾಡಿದರು.

“ಬರೋರಿಗೆ ಇಷ್ಟೆಲ್ಲ ಯಾಕೆ ಬೇಕಿತ್ತು?” ಎಂದು ಅವಳು ತೇಲುಕೋಟು ತೊಟ್ಟಳು. ಪಟ್ಟಿಯ ಕೊಂಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಾಯಿಮರ ಕೆಳಗೆ ತಾಗಿ ಮುರಿಯಬಾರದೆಂದು ಅದನ್ನು ಬಿಚ್ಚಿ ದಡದಲ್ಲಿಟ್ಟರು. ದೊಡ್ಡಪ್ಪನ ಎದೆಮಟ್ಟದ ನೀರು, ಅಂದರೆ ಅವಳಿಗೆ ಕುತ್ತಿಗೆಯವರೆಗೆ. ಅವರು ಪಕ್ಕದಲ್ಲಿ ನಿಂತು ಅಂಚು ಹಿಡಿದರು. ದೊಡ್ಡಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಹೇಳಿದಳು, “ಹೂಂ, ಈಗ ಮಗುಚಿ.”

ದೋಣಿ ಮಗುಚಿತು. ಫೋಮು ತನ್ನ ಕೆಲಸ ಮಾಡಿತು, ದೋಣಿ ಎತ್ತರವಾಗಿ ತೇಲಿತು. ಆದರೆ ದೊಡ್ಡಮ್ಮ ಮೇಲೆ ಬರಲಿಲ್ಲ. ಆಚೆ ಬದಿ ನೋಡಿದೆ, ಅಲ್ಲೂ ಇಲ್ಲ. ಚಪ್ಪಲಿಯಲ್ಲೇ ನೀರಿಗಿಳಿದೆ. ಆಗ ಬೋರಲಾದ ದೋಣಿಯ ಹೊಟ್ಟೆಯೊಳಗಿಂದ ಟಕ್ ಟಕ್ ಎಂದು ಬಡಿಯುವ ಸದ್ದು, ಅದರ ಹಿಂದೆ ಹಂಡೆಯೊಳಗಿಂದ ಬಂದ ಹಾಗೆ ಅವಳ ದನಿ.

“ರೀ, ಬಿಚ್ತಾ ಇಲ್ಲ ಕಣ್ರೀ! ಬಿಚ್ತಾ ಇಲ್ಲ!”

ದೋಣಿಯ ಅಡಿ ಉಳಿದಿದ್ದ ಒಂದಿಷ್ಟು ಗಾಳಿಯಲ್ಲಿ ಅವಳ ಮೂಗು ಇತ್ತು. ಮೈಭಾರಕ್ಕೆ, ನೀರಿಗೆ ಪಟ್ಟಿ ಬಿಗಿದು ಕೊಂಡಿ ಕಚ್ಚಿಕೊಂಡಿತ್ತು. ಅವಳು ಹೊಲಿದದ್ದು ಎಂದೂ ಬಿಚ್ಚಿದ್ದಿಲ್ಲ, ಅವತ್ತೂ ಬಿಚ್ಚಲಿಲ್ಲ. ದೊಡ್ಡಪ್ಪ ಅವಳೇ ಕಟ್ಟಿದ್ದ ಗಂಟಿನ ಹಗ್ಗವನ್ನು ದೋಣಿಯ ಮೇಲಿಂದ ಎಳೆದುಕೊಂಡು, ಈಚೆಯ ಅಂಚಿಗೆ ಕಾಲು ಕೊಟ್ಟು ಹಿಂದಕ್ಕೆ ವಾಲಿದರು. ನಾನು ಅವರ ಸೊಂಟ ಹಿಡಿದು ಜಗ್ಗಿದೆ. ದೋಣಿ ನರಳಿ, ಎದ್ದು, ಸರಿಯಾಯಿತು. ಅದರ ಜೊತೆಗೆ ಪಟ್ಟಿಗೆ ಜೋತುಬಿದ್ದು ದೊಡ್ಡಮ್ಮನೂ ಎದ್ದಳು, ಕೆಮ್ಮುತ್ತಾ, ಕೂದಲೆಲ್ಲ ಮುಖದ ಮೇಲೆ. ನಮ್ಮಿಬ್ಬರ ಜೀವ ಹೋಗಿ ಬಂತು.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಪಕ್ಕಕ್ಕೆ ತಡಕಾಡಿ ಕುಣಿಕೆಯಲ್ಲಿ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ, ಈಜು ಬಾರದ ಆ ಹೆಂಗಸು ತಾನೇ ದೋಣಿಗೆ ಹತ್ತಿ ಕೂತಳು. ಇಷ್ಟು ವರ್ಷ ದೊಡ್ಡಮ್ಮ ಎಂದು ಕರೆದದ್ದು ಯಾರನ್ನು, ಈಗ ನೋಡುತ್ತಿರುವುದು ಯಾರನ್ನು ಎನ್ನಿಸಿತು. ಅವಳು ಮಾತ್ರ ಸೊಂಟದ ಪಟ್ಟಿಯನ್ನೇ ನೋಡುತ್ತಿದ್ದಳು.

“ನಡುನೀರಲ್ಲಿ ನೀವೊಬ್ಬರೇ ಇದ್ದಿದ್ರೆ...” ಎಂದಳು. “ಯಾರು ತಿರುಗಿಸ್ತಿದ್ರು? ನನ್ನ ಹೊಲಿಗೇನೇ ನಿಮ್ಮನ್ನ ತಗೊಂಡು ಹೋಗ್ತಿತ್ತು.” ಆಗ ಅತ್ತಳು, ಜೋರಾಗಿ, ಮಕ್ಕಳ ಹಾಗೆ. ದೊಡ್ಡಪ್ಪ ನೀರಲ್ಲಿ ನಿಂತೇ ಅವಳ ಪಾದ ಹಿಡಿದುಕೊಂಡಿದ್ದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ದೊಡ್ಡಮ್ಮ ಮನೆಗೆ ಬಂದು ಪಟ್ಟಿಯ ಹೊಲಿಗೆ ಬಿಚ್ಚಲು ಕೂತಳು. ತನ್ನ ಹೊಲಿಗೆ ತಾನೇ ಬಿಚ್ಚುವುದು ಎಷ್ಟು ಕಷ್ಟ ಎಂದು ಅವಳಿಗೆ ಆಗಲೇ ಗೊತ್ತಾದದ್ದಂತೆ. ಬ್ಲೇಡು ಮೊಂಡಾಯಿತು, ಬೆರಳು ಕುಯ್ದುಕೊಂಡಳು. ಆಮೇಲೆ ಹುಟ್ಟಿದಾರಭ್ಯ ಮಾಡದಿದ್ದ ಕೆಲಸಕ್ಕೆ ಕೈ ಹಾಕಿದಳು: ಹಿಡಿಯಬೇಕಾದಾಗ ಹಿಡಿದು, ಬಿಡು ಎಂದಾಗ ಬಿಡುವ ಒಂದು ವಸ್ತು. ಮೊದಮೊದಲು ಮಾಡಿದವು ಸುಮ್ಮನೆ ಜಗ್ಗಿದರೂ ಬಿಚ್ಚಿಕೊಂಡವು, ಇಲ್ಲವೇ ಸತ್ತರೂ ಬಿಚ್ಚಲಿಲ್ಲ. ಕೊನೆಗೆ ಮೂರು ಕುಣಿಕೆಗಳನ್ನು ಒಂದರೊಳಗೊಂದು ಪೋಣಿಸಿ, ಕಡೆಯದಕ್ಕೆ ಅಡ್ಡ ಒಂದು ನಯವಾದ ಕಡ್ಡಿ ತೂರಿಸಿ, ಕಡ್ಡಿಯ ತಲೆಗೆ ಮೇಜಿನ ಡ್ರಾಯರಿನ ಕೆಂಪು ಮರದ ಗುಬುಟು ಹಾಕಿದಳು. ಗುಬುಟು ಎಳೆದರೆ ಎಲ್ಲವೂ ಸರ್ರನೆ ಕಳಚಬೇಕು. ತೊಲೆಗೆ ಜೋತುಬಿದ್ದು ಎಳೆದಳು, ಕೈಗೆ ಸೋಪು ಬಳಿದುಕೊಂಡು ಎಳೆದಳು, ಎಡಗೈಯಲ್ಲಿ ಎಳೆದಳು. ಪ್ರತಿ ಸಲವೂ ನೆಲಕ್ಕೆ ದೊಪ್ಪನೆ ಬಿದ್ದು, ನಕ್ಕಳು.

ಮನೆಯಲ್ಲಿ ದೊಡ್ಡಪ್ಪನಿಗೆ ನೆಮ್ಮದಿ ಇಲ್ಲದಂತಾಯಿತು. ಊಟಕ್ಕೆ ಕೂತಾಗಲೂ ಸೊಂಟಕ್ಕೆ ಪಟ್ಟಿ. ಇವಳು ಅಡುಗೆಮನೆಯಿಂದ “ಬಿಚ್ಚಿ!” ಎಂದು ಕಿರುಚುವಳು, ಅವರು ಕಣ್ಣು ಮುಚ್ಚಿ ಗುಬುಟು ಎಳೆಯಬೇಕು. “ಸೈನ್ಯಕ್ಕೆ ಸೇರಿದ್ದರೂ ಇಷ್ಟು ಕಾಟ ಇರ್ತಿರಲಿಲ್ಲ” ಎಂದು ಅವರು ನನ್ನ ಹತ್ತಿರ ಗೊಣಗಿದರು. ಮುಖದಲ್ಲಿ ಮಾತ್ರ ಹಳೆಯ ಕಳೆ ಮರಳಿತ್ತು.

ಮತ್ತೆ ಅದೇ ದಡ, ಅದೇ ಪ್ಯಾಂಟು. ಮತ್ತೆ ಅವಳೇ ಮೊದಲು ಕೂತಳು. ಈ ಸಲ ಕಣ್ಣು ತೆರೆದೇ ಇದ್ದಳು. ದೋಣಿ ಮಗುಚಿತು, ನಾನು ಉಸಿರು ಬಿಗಿಹಿಡಿದೆ, ಬಿಡುವಷ್ಟರಲ್ಲಿ ಆಚೆ ಬದಿಯಲ್ಲಿ ಅವಳ ತಲೆ ಪುಳಕ್ಕನೆ ಮೇಲೆ ಬಂತು. ಎತ್ತಿದ ಕೈಯಲ್ಲಿ ಕೆಂಪು ಗುಬುಟು.

“ಬಿಚ್ಚಿತು!” ಎಂದು ನನ್ನತ್ತ ಕೂಗಿದಳು. “ನಾನು ಹೊಲಿದದ್ದು ಬಿಚ್ಚಿತು ಕಣೇ!” ಮಷೀನು ಮಾರುವ ಮಾತು ನಾನೂ ಎತ್ತಲಿಲ್ಲ.

ದೋಣಿಯನ್ನು ನೆಟ್ಟಗೆ ಮಾಡಿ ಹಾಯಿ ಏರಿಸಿದರು. ದೊಡ್ಡಪ್ಪ ಒಳಗೆ ಕೂತ ಮೇಲೆ ದೊಡ್ಡಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಅವರ ಸೊಂಟಕ್ಕೆ ತಾನೇ ಪಟ್ಟಿ ಹಾಕಿದಳು. ಗಟ್ಟಿಯಾಗಿ ಜಗ್ಗಿ ನೋಡಿದಳು. ಆಮೇಲೆ ಗುಬುಟು ಎಳೆದು, ಬಿಚ್ಚಿಕೊಂಡದ್ದನ್ನು ನೋಡಿ, ಮತ್ತೆ ಪೋಣಿಸಿ ಹಾಕಿದಳು. ಯಂತ್ರ ಮನೆಯಲ್ಲಿತ್ತು, ಕೆರೆಯಲ್ಲಿ ಒತ್ತಲು ಪೆಡಲ್ ಇರಲಿಲ್ಲ. ದೊಡ್ಡಪ್ಪ ಅಭ್ಯಾಸಬಲದಿಂದ ಯಾರಿಗೂ ಅಲ್ಲದ ಹಾಗೆ “ಬರ್ತೀನಿ” ಎಂದರು.

ಅವಳು ಎರಡೂ ಕೈಗಳಿಂದ ದೋಣಿಯನ್ನು ಮುಂದಕ್ಕೆ ತಳ್ಳಿದಳು.

“ಹೋಗಿ ಬನ್ನಿ” ಎಂದಳು.